ಒಸಿಡಿಗೆ ಮೈಂಡ್‌ಫುಲ್‌ನೆಸ್: ಕೊಡಗಿನಲ್ಲಿರುವವರು ಯಾವ ದಾರಿ ಹಿಡಿಯಬಹುದು?

ಒಸಿಡಿ, ಅಂದರೆ ಗೀಳು ಕಾಯಿಲೆ, ಇದೆ ಅಂತ ಗೊತ್ತಾದ ಕೂಡಲೇ ಸುತ್ತಲಿನವರ ಸಲಹೆ ಶುರುವಾಗುತ್ತದೆ. ಒಬ್ಬರು ಪ್ರಾಣಾಯಾಮ ಮಾಡು ಅನ್ನುತ್ತಾರೆ. ಇನ್ನೊಬ್ಬರು ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಿ ಬಾ ಅನ್ನುತ್ತಾರೆ. ಕಾಲೇಜಿಗೆ ಹೋಗುವ ಮಗಳು ಫೋನಿಗೆ ಧ್ಯಾನದ ಆ್ಯಪ್ ಹಾಕಿಕೊಡುತ್ತಾಳೆ. ಕುಶಾಲನಗರದ ಕಡೆಯಾದರೆ, 'ಹೊಳೆ ದಾಟಿದರೆ ಬೈಲುಕುಪ್ಪೆ, ಲಾಮಾಗಳ ಹತ್ತಿರ ಕಲಿತುಕೊ' ಅನ್ನುವವರೂ ಇದ್ದಾರೆ. ಎಲ್ಲದಕ್ಕೂ ಈಗ ಒಂದೇ ಹೆಸರು, ಮೈಂಡ್‌ಫುಲ್‌ನೆಸ್. ಈಗ ಮನಸ್ಸಿನಲ್ಲಿ, ಮೈಯಲ್ಲಿ ಏನಾಗುತ್ತಿದೆಯೋ ಅದನ್ನು ಬದಲಿಸಲು ಹೋಗದೆ ಗಮನಿಸುವುದು ಅಂತ ಅದರ ಅರ್ಥ. ಆದರೆ ಇವೆಲ್ಲ ಒಂದೇ ಅಲ್ಲ. ಒಸಿಡಿಯ ವಿಷಯದಲ್ಲಿ ಕೆಲವು ಕೈಹಿಡಿಯುತ್ತವೆ, ಕೆಲವು ಏನೂ ಮಾಡುವುದಿಲ್ಲ, ಒಂದೆರಡು ಗೀಳಿಗೇ ಸಹಾಯ ಮಾಡಿಬಿಡುತ್ತವೆ.

ನನ್ನ ಚಿಕ್ಕಪ್ಪನ ಮಗನಿಗೆ ಒಸಿಡಿ ಇದೆ. ಅವನ ಜೊತೆ ಆಸ್ಪತ್ರೆ, ಕೌನ್ಸೆಲಿಂಗ್ ಅಂತ ಓಡಾಡಿ, ಓದಿ, ಡಾಕ್ಟರುಗಳನ್ನು ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯೆ ಅಲ್ಲ. ಆದರೆ ಈ ಕಾಯಿಲೆ ಒಂದು ಮನೆಯನ್ನು ಎಷ್ಟು ಸುಸ್ತು ಮಾಡುತ್ತದೆ ಅಂತ ಹತ್ತಿರದಿಂದ ನೋಡಿದ್ದೇನೆ. ಯಾರೂ ತಮಗೆ ಹೊಂದದ ದಾರಿಯಲ್ಲಿ ವರ್ಷಗಟ್ಟಲೆ ಕಳೆಯುವುದು ಬೇಡ ಅಂತ ನನ್ನ ಆಸೆ.

ಮೊದಲು ಅಳತೆ ಸರಿಯಾಗಿರಲಿ

ಒಸಿಡಿಯಲ್ಲಿ ಎರಡು ಭಾಗ ಇದೆ. ಬೇಡ ಅಂದರೂ ನುಗ್ಗಿ ಬರುವ ಯೋಚನೆ ಒಂದು. ಅದು ತಂದ ಕಳವಳ ಇಳಿಸಲು ಮಾಡಲೇಬೇಕು ಅನ್ನಿಸುವ ಕೆಲಸ ಇನ್ನೊಂದು. ತೊಳೆಯುವುದು, ಬೀಗ ಎಳೆದು ನೋಡುವುದು, ಎಣಿಸುವುದು, ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳುವುದು, ಮನಸ್ಸಿನೊಳಗೇ ಏನೋ ಹೇಳಿಕೊಂಡು ಸರಿಮಾಡಿಕೊಳ್ಳುವುದು. ಇದನ್ನು ಮಾಡಿದ ಕೂಡಲೇ ಸ್ವಲ್ಪ ಹೊತ್ತು ಹಾಯೆನಿಸುತ್ತದೆ. ತೊಂದರೆ ಇರುವುದು ಅಲ್ಲೇ. ಹಲಸಿನ ಹಣ್ಣು ಸಿಕ್ಕಿದ ತೋಟಕ್ಕೆ ಆನೆ ಮತ್ತೆ ಬರುತ್ತದೆ. ಅದಕ್ಕೇ ನಮ್ಮಲ್ಲಿ ಎಷ್ಟೋ ಜನ ಹಲಸನ್ನು ಹಣ್ಣಾಗುವ ಮೊದಲೇ ಇಳಿಸಿಬಿಡುತ್ತಾರೆ. ಗೀಳಿನ ಯೋಚನೆಗೆ ಪ್ರತಿ ಸಲ ಕೈ ತೊಳೆದಾಗಲೂ ಒಂದು ಹಣ್ಣು ಸಿಕ್ಕಿದ ಹಾಗೆ.

ಹಾಗಾಗಿ ಯಾವುದೇ ಅಭ್ಯಾಸವನ್ನು ತೂಗಿ ನೋಡುವಾಗ 'ಇದರಿಂದ ಮನಸ್ಸಿಗೆ ಶಾಂತಿ ಸಿಗುತ್ತದಾ?' ಅಂತ ಕೇಳಬೇಡಿ. 'ಇದನ್ನು ಕಲಿತ ಮೇಲೆ ತೊಳೆಯುವುದು, ನೋಡುವುದು, ಕೇಳುವುದು ಕಡಿಮೆಯಾಯಿತಾ?' ಅಂತ ಕೇಳಿ. ಈ ಒಂದು ಪ್ರಶ್ನೆ ಇಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಮೈಂಡ್‌ಫುಲ್‌ನೆಸ್ ಒಸಿಡಿಗೆ ಬೇಕಾಗಿರುವುದು ಯೋಚನೆ ಓಡಿಸುವುದಕ್ಕಲ್ಲ. ಯೋಚನೆ ಇದ್ದರೂ, ಎದೆ ಡವಡವ ಅಂದರೂ, ಕೈ ನಲ್ಲಿಯ ಕಡೆ ಹೋಗದ ಹಾಗೆ ಇರುವುದಕ್ಕೆ.

ಕೊಡಗಿನಲ್ಲಿ ಇದಕ್ಕೊಂದು ತೊಡಕಿದೆ. ಇಲ್ಲಿ ಭಯಕ್ಕೆ ನಿಜವಾದ ಕಾರಣಗಳೂ ಇವೆ. ರಾತ್ರಿ ತೋಟಕ್ಕೆ ಆನೆ ಬರುತ್ತದೆ, ಗೇಟ್ ಹಾಕಲೇಬೇಕು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರಿಗೆ ಜೋರು ಮಳೆ ಬಂದರೆ ನಿದ್ದೆ ಬರುವುದಿಲ್ಲ. ಅದು ಒಸಿಡಿ ಅಲ್ಲ, ಅದಕ್ಕೆ ಬೇರೆ ರೀತಿಯ ಆರೈಕೆ ಬೇಕು. ಮಲಗುವ ಮೊದಲು ಸೋಲಾರ್ ಬೇಲಿಯ ಸ್ವಿಚ್ ನೋಡಿ ಬರುವುದು ತೋಟದವರ ಕೆಲಸ. ನೋಡಿ ಬಂದು, ಮಲಗಿ, 'ಸರಿಯಾಗಿ ನೋಡಿದೆನಾ' ಅಂತ ಎದ್ದು ಹೋಗಿ, ವಾಪಸ್ ಬಂದು ಮತ್ತೆ ಏಳುವುದು ಗೀಳು. ನೋಡಿದ್ದು ಕಣ್ಣಿಗೆ ಕಂಡಿದೆ, ಆದರೂ ಮನಸ್ಸಿಗೆ ಸಾಲುವುದಿಲ್ಲ. ಅದೇ ಗುರುತು.

ಇಆರ್‌ಪಿ ಮತ್ತು ಮಾತ್ರೆ

ಇವೆರಡನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ಉಳಿದವೆಲ್ಲ ಇವುಗಳ ಪಕ್ಕದಲ್ಲಿ ನಿಲ್ಲುವಂಥವು. ಎಕ್ಸ್‌ಪೋಶರ್ ಅಂಡ್ ರೆಸ್ಪಾನ್ಸ್ ಪ್ರಿವೆನ್ಷನ್, ಚಿಕ್ಕದಾಗಿ ಇಆರ್‌ಪಿ. 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಇದರ ಮೊದಲ ರೂಪವನ್ನು ಬರೆದು ತಿಳಿಸಿದರು. ಹೆದರಿಸುವ ಸಂಗತಿಗಳ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ 0ಯಿಂದ 100ರವರೆಗೆ ಅಂಕ ಕೊಟ್ಟು, ಚಿಕ್ಕದರಿಂದ ಶುರು ಮಾಡುತ್ತಾರೆ. ಹೆದರಿಕೆಯ ವಸ್ತುವನ್ನು ಮುಟ್ಟುವುದು, ಆಮೇಲೆ ತೊಳೆಯದೆ ಇರುವುದು. ಇಷ್ಟೇ. ಕೇಳಲು ಸುಲಭ, ಮಾಡಲು ಬಹಳ ಕಷ್ಟ. ಸಾಮಾನ್ಯವಾಗಿ 12ರಿಂದ 20 ಸೆಷನ್ ಬೇಕು. ಒಸಿಡಿಗೆ ಇರುವ ಮಾತಿನ ಚಿಕಿತ್ಸೆಗಳಲ್ಲಿ ಅತಿ ಗಟ್ಟಿಯಾದ ಆಧಾರ ಇರುವುದು ಇದಕ್ಕೇ.

ಮಾತ್ರೆ ಅಂದರೆ ಫ್ಲುಯೊಕ್ಸೆಟಿನ್, ಸರ್ಟ್ರಲಿನ್, ಫ್ಲೂವಾಕ್ಸಮಿನ್ ಥರದವು. ಖಿನ್ನತೆಗೆ ಕೊಡುವುದಕ್ಕಿಂತ ಒಸಿಡಿಗೆ ಡೋಸ್ ಜಾಸ್ತಿ ಬೇಕಾಗುತ್ತದೆ. ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ಹೇಳಲು 8ರಿಂದ 12 ವಾರ ಕಾಯಬೇಕು. ಎಷ್ಟೋ ಜನ ಮೂರನೇ ವಾರಕ್ಕೇ 'ಇದರಿಂದ ಏನೂ ಆಗಲಿಲ್ಲ' ಅಂತ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಲ್ಲಿಸುವುದಿದ್ದರೂ ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಿ ನಿಲ್ಲಿಸಿ.

ಇವೆರಡರಲ್ಲಿ ಯಾವುದು? ದಿನದ ಕೆಲಸ ಇನ್ನೂ ನಡೆಯುತ್ತಿದೆ, ವಾರಕ್ಕೊಮ್ಮೆ ಥೆರಪಿಸ್ಟ್ ಸಿಗುತ್ತಾರೆ ಅನ್ನುವವರು ಇಆರ್‌ಪಿಯಿಂದ ಶುರು ಮಾಡಬಹುದು. ಬಚ್ಚಲಿನಿಂದ ಹೊರಗೆ ಬರಲಾಗುತ್ತಿಲ್ಲ, ಊಟ ನಿದ್ದೆ ಕೆಟ್ಟಿದೆ, ಜೊತೆಗೆ ಖಿನ್ನತೆಯೂ ಇದೆ ಅಂದರೆ ಮಾತ್ರೆಯನ್ನು ಮುಂದೂಡಬೇಡಿ. ಎರಡೂ ಒಟ್ಟಿಗೆ ನಡೆಯುವುದೂ ಸಾಮಾನ್ಯ.

ಮೈಂಡ್‌ಫುಲ್‌ನೆಸ್ ಇರುವ ಚಿಕಿತ್ಸೆಗಳು

ಎಂಬಿಸಿಟಿ ಅನ್ನುವುದು ಮೈಂಡ್‌ಫುಲ್‌ನೆಸ್ ಮತ್ತು ಸಿಬಿಟಿ (ಯೋಚನೆ, ನಡವಳಿಕೆಯನ್ನು ಬದಲಿಸಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ) ಸೇರಿಸಿದ ಕೋರ್ಸ್. ಇದರ ಬೇರು ಜಾನ್ ಕಬತ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ ಎಂಟು ವಾರದ ತರಬೇತಿಯಲ್ಲಿದೆ. ಅದು ಮುಖ್ಯವಾಗಿ ಮೈನೋವು, ಒತ್ತಡ ಇದ್ದವರಿಗಾಗಿ ಇತ್ತು. ಎಂಬಿಸಿಟಿ ಬಂದದ್ದು ಖಿನ್ನತೆ ಮರುಕಳಿಸದಿರಲಿ ಅಂತ. ಒಸಿಡಿಗೆ ಬಳಸಿದ್ದು ಆಮೇಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಒಸಿಡಿ ಇರುವವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಎಂಬಿಸಿಟಿ, ಇನ್ನೊಂದಕ್ಕೆ ಒತ್ತಡ ನಿಭಾಯಿಸುವ ತರಬೇತಿ ಕೊಟ್ಟು ಹೋಲಿಸಿದ್ದಾರೆ. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಎಂಬಿಸಿಟಿ ಗುಂಪಿನವರು ಹೆಚ್ಚು ಚೇತರಿಸಿಕೊಂಡರು. ಆದರೆ ಜರ್ಮನಿಯಲ್ಲಿ ಸಿಬಿಟಿ ಮುಗಿದ ಮೇಲೂ ಲಕ್ಷಣ ಉಳಿದಿದ್ದವರಿಗೆ ಇದನ್ನು ಕೊಟ್ಟು ನೋಡಿದಾಗ, ವೈದ್ಯರ ಅಳತೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಅಂದರೆ ಒಳ್ಳೆಯ ಭರವಸೆ ಇದೆ, ಆದರೆ ಇಆರ್‌ಪಿಯ ಜಾಗದಲ್ಲಿ ಇದನ್ನು ಕೂರಿಸುವಷ್ಟು ಅಲ್ಲ.

ಎಸಿಟಿ, ಅಂದರೆ ಅಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ, ಇನ್ನೊಂದು. ಇದರಲ್ಲಿ ಕಣ್ಣು ಮುಚ್ಚಿ ಕೂರುವುದು ಕಡಿಮೆ. 'ನನ್ನ ಕೈ ಕೊಳೆಯಾಗಿದೆ' ಅನ್ನುವ ಬದಲು 'ಕೈ ಕೊಳೆಯಾಗಿದೆ ಅಂತ ನನ್ನ ಮನಸ್ಸು ಹೇಳುತ್ತಿದೆ' ಅಂತ ಹೇಳಿಕೊಳ್ಳುವುದನ್ನು ಕಲಿಸುತ್ತಾರೆ. ಯೋಚನೆ ಒಂದು ಕಡೆ, ನೀವು ಒಂದು ಕಡೆ. ಆಮೇಲೆ ನಿಮಗೆ ಬದುಕಿನಲ್ಲಿ ಯಾವುದು ಮುಖ್ಯವೋ ಅದರ ಕಡೆ ಹೆಜ್ಜೆ. ಮಗುವನ್ನು ಎತ್ತಿಕೊಳ್ಳುವುದು ಮುಖ್ಯವಾದರೆ, ಕಳವಳದ ಜೊತೆಗೇ ಎತ್ತಿಕೊಳ್ಳುವುದು. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ಸೆಷನ್ನಿನ ಎಸಿಟಿಯನ್ನು ಮೈ ಸಡಿಲಿಸುವ ರಿಲ್ಯಾಕ್ಸೇಶನ್ ತರಬೇತಿಯ ಜೊತೆ ಹೋಲಿಸಿದರು. ಎಸಿಟಿಯೇ ಮುಂದಿತ್ತು. ಇಆರ್‌ಪಿ ಅಂದರೆ ಮೈ ನಡುಗುತ್ತದೆ ಅನ್ನುವವರಿಗೆ, ತೋಟದ ಕೆಲಸದ ನಡುವೆ ಅರ್ಧ ಗಂಟೆ ಕೂರಲು ಆಗದವರಿಗೆ, ನಾನು ಎಂಬಿಸಿಟಿಗಿಂತ ಎಸಿಟಿಯನ್ನು ಹೇಳುತ್ತೇನೆ.

ಲಾಸ್ ಏಂಜಲೀಸ್‌ನ ಮನೋವೈದ್ಯ ಜೆಫ್ರಿ ಶ್ವಾರ್ಟ್ಜ್ 1990ರ ದಶಕದಲ್ಲಿ ಹೇಳಿಕೊಟ್ಟ ನಾಲ್ಕು ಹೆಜ್ಜೆಗಳೂ ಇವೆ. ಇದು ಗೀಳು ಅಂತ ಗುರುತಿಸುವುದು, ಇದು ಮಿದುಳಿನ ತೊಂದರೆ, ನನ್ನ ಗುಣವಲ್ಲ ಅಂತ ತಿಳಿಯುವುದು, 15 ನಿಮಿಷವಾದರೂ ಬೇರೆ ಕೆಲಸಕ್ಕೆ ಕೈ ಹಾಕುವುದು, ಆ ಯೋಚನೆಗೆ ಬೆಲೆ ಕೊಡದಿರುವುದು. ಥೆರಪಿಸ್ಟ್ ಸಿಗುವವರೆಗೆ ಮನೆಯಲ್ಲೇ ಶುರು ಮಾಡಲು ಇದು ಚೆನ್ನಾಗಿದೆ. ಅದರಲ್ಲೂ ಆ 15 ನಿಮಿಷ. 'ತೊಳೆಯಬಾರದು' ಅಂದರೆ ಆಗದ ದಿನ 'ಈಗ ಬೇಡ, ಕಾಲು ಗಂಟೆ ಬಿಟ್ಟು ನೋಡೋಣ' ಅಂದರೆ ಆಗುತ್ತದೆ.

ಜನ ಹೆಚ್ಚಾಗಿ ಹೇಳುವವು

ಹತ್ತು ದಿನದ ವಿಪಶ್ಯನ. ಬೆಳಗ್ಗೆ ನಾಲ್ಕಕ್ಕೆ ಏಳಬೇಕು, ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು, ಮಾತಿಲ್ಲ. ಶುಲ್ಕವಿಲ್ಲ, ದಾನದಿಂದ ನಡೆಯುತ್ತದೆ. ಆರೋಗ್ಯವಾಗಿರುವವರಿಗೆ ಒಳ್ಳೆಯ ಅನುಭವ ಇರಬಹುದು. ಆದರೆ ಒಸಿಡಿ ಜೋರಾಗಿರುವಾಗ ಹೋಗುವುದು ಬೇಡ ಅಂತಲೇ ನನ್ನ ಮಾತು. ತಲೆಯೊಳಗೇ ಎಣಿಸುವ, ಸರಿಮಾಡಿಕೊಳ್ಳುವ ಗೀಳು ಇರುವವರು ದಿನವಿಡೀ ಕಣ್ಣು ಮುಚ್ಚಿ ಕೂತರೆ, ಒಳಗೆ ಧ್ಯಾನ ನಡೆಯುತ್ತಿದೆಯೋ ಗೀಳು ನಡೆಯುತ್ತಿದೆಯೋ ಪಕ್ಕದವರಿಗೆ ತಿಳಿಯುವುದಿಲ್ಲ. ಅರ್ಜಿಯಲ್ಲಿ ಅವರೂ ಮಾನಸಿಕ ಕಾಯಿಲೆಯ ಬಗ್ಗೆ ಕೇಳುತ್ತಾರೆ. ಅದನ್ನು ಮುಚ್ಚಿಟ್ಟು ಹೋಗಬೇಡಿ. ಇದಕ್ಕಾಗಿ ಮಾತ್ರೆ ನಿಲ್ಲಿಸುವುದಂತೂ ಬೇಡವೇ ಬೇಡ.

ಬೈಲುಕುಪ್ಪೆಯ ನಾಮ್‌ಡ್ರೋಲಿಂಗ್ ಭಿಕ್ಷುಗಳು ಓದುವ ಮಠ. ದೇವಾಲಯದ ಅಂಗಳದಲ್ಲಿ ಒಂದು ಗಂಟೆ ಕೂತು ಬಂದರೆ ಮನಸ್ಸು ಹಗುರಾಗುತ್ತದೆ, ಖಂಡಿತ ಹೋಗಿ. ಒಸಿಡಿಯ ಚಿಕಿತ್ಸೆ ಅಂತ ಹೋಗಬೇಡಿ.

ಪ್ರಾಣಾಯಾಮ, ರಿಲ್ಯಾಕ್ಸೇಶನ್ ಬಗ್ಗೆ ಒಂದು ವಿಷಯ ತಿಳಿದಿರಲಿ. ಒಸಿಡಿಯ ಎಷ್ಟೋ ಅಧ್ಯಯನಗಳಲ್ಲಿ ಬೇರೆ ಚಿಕಿತ್ಸೆಯನ್ನು ಅಳೆಯಲು ಪಕ್ಕದಲ್ಲಿಡುವುದು ರಿಲ್ಯಾಕ್ಸೇಶನ್ನನ್ನು, ಯಾಕೆಂದರೆ ಗೀಳಿನ ಮೇಲೆ ಅದರ ಪರಿಣಾಮ ಕಡಿಮೆ. ನಿದ್ದೆಗೆ, ಮೈ ಬಿಗಿತಕ್ಕೆ ಮಾಡಿ, ಒಳ್ಳೆಯದೇ. ಯೋಚನೆ ಬಂದ ಕೂಡಲೇ ಅದನ್ನು ಹೊಡೆದೋಡಿಸಲು ಉಸಿರು ಎಳೆಯತೊಡಗಿದರೆ ಮಾತ್ರ ಅದೂ ಇನ್ನೊಂದು ಗೀಳಿನ ಕೆಲಸವಾಗುತ್ತದೆ. ಜಪವೂ ಹಾಗೆ. ಬೆಳಗ್ಗೆ ದೀಪ ಹಚ್ಚಿ ಹೇಳುವ ಜಪ ಭಕ್ತಿ. ಕೆಟ್ಟ ಯೋಚನೆ ಅಳಿಸಲು ಇಪ್ಪತ್ತೊಂದು ಸಲ, ಎಣಿಕೆ ತಪ್ಪಿದರೆ ಮತ್ತೆ ಮೊದಲಿಂದ, ಅಂದರೆ ಗೀಳು. ಮಡಿ, ಸೂತಕದ ವಿಷಯದಲ್ಲೂ ಇದೇ ಗೆರೆ. ಸಂಪ್ರದಾಯ ಒಂದು ಸ್ನಾನ ಕೇಳುತ್ತದೆ. ಐದನೆಯದನ್ನು ಕೇಳುವುದು ಒಸಿಡಿ. ಮನೆಯ ಹಿರಿಯರ ಹತ್ತಿರ 'ಪದ್ಧತಿಯಲ್ಲಿ ಎಷ್ಟು?' ಅಂತ ಒಮ್ಮೆ ಕೇಳಿ, ಅಷ್ಟಕ್ಕೇ ನಿಲ್ಲಿಸಿ.

ಆ್ಯಪ್‌ಗಳು ಅಗ್ಗ, ಮನೆಯಲ್ಲೇ ಆಗುತ್ತದೆ. ಆದರೆ ಹೆಚ್ಚಿನವು ನಿದ್ದೆಗೆ, ಒತ್ತಡಕ್ಕೆ ಮಾಡಿದವು. ಹತ್ತು ನಿಮಿಷದ ಒಂದು ಆಡಿಯೊ ಸಾಕು. ಅದನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಿ, ಜುಲೈ ಮಳೆಯಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ ಅಲ್ವಾ.

ನಲ್ಲಿಯ ಹತ್ತಿರ ಇದು ಹೇಗೆ ನಡೆಯುತ್ತದೆ

ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗೆ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುತ್ತಾರಲ್ಲ, ನನ್ನ ತಮ್ಮನಿಗೆ ಅದು ಬಹಳ ಕಷ್ಟದ ದಿನ. ಮೈಲುತುತ್ತದ ನೀಲಿ ಉಗುರಿನ ಸಂದಿಯಲ್ಲಿ ಕೂರುತ್ತದೆ. ಔಷಧಿ ಹೊಡೆದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಸ್ನಾನ ಮಾಡುವುದು, ಬಟ್ಟೆ ಬೇರೆ ಒಗೆಯುವುದು ಎಲ್ಲರೂ ಮಾಡಬೇಕಾದದ್ದೇ. ಅದಾದ ಮೇಲಿನದ್ದು ಒಸಿಡಿ. ಥೆರಪಿಸ್ಟ್ ಅವನ ಜೊತೆ ಕೂತು ಇದನ್ನು ಚೀಟಿಯಲ್ಲಿ ಬರೆದೇ ಕೊಟ್ಟರು: ಸೋಪಿನಲ್ಲಿ ಒಂದು ಸಲ, ಮೊಣಕೈವರೆಗೆ, ನಲ್ಲಿ ಬಂದ್.

ಆಮೇಲೆ ಅವನು ಮಾಡುವುದು ಇಷ್ಟು. ಕೈ ಒರೆಸಿಕೊಂಡು ಬಚ್ಚಲಿನಿಂದ ಹೊರಗೆ ಬಂದು ಜಗಲಿಯಲ್ಲಿ ಕೂರುತ್ತಾನೆ. ಬೆರಳ ತುದಿ ಜುಮ್ಮೆನ್ನುವುದನ್ನು ಗಮನಿಸುತ್ತಾನೆ. ಹೊಟ್ಟೆ ಹಿಂಡಿದ ಹಾಗಾಗುವುದನ್ನು ಗಮನಿಸುತ್ತಾನೆ. 'ಇನ್ನೂ ಇದೆ, ಅಮ್ಮನಿಗೆ ತಾಗುತ್ತೆ' ಅನ್ನುವ ಯೋಚನೆ ಬಂದರೆ ಒಳಗೇ 'ಬಂತು' ಅಂತ ಒಂದು ಮಾತು, ಅಷ್ಟೇ. 'ಇಲ್ಲ, ಹೋಗಿದೆ' ಅಂತ ವಾದ ಮಾಡುವುದಿಲ್ಲ. ಉಗುರು ತಿರುಗಿಸಿ ನೋಡುವುದಿಲ್ಲ. ಆಮೇಲೆ ಅದೇ ಕೈಯಲ್ಲಿ ಅಕ್ಕಿರೊಟ್ಟಿ ಮುರಿದು ತಿನ್ನುತ್ತಾನೆ. ಮೊದಮೊದಲು ತಿನ್ನುವಾಗ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಕಳವಳ ಕೆಲವು ದಿನ ಇಳಿಯುತ್ತದೆ, ಕೆಲವು ದಿನ ಇಳಿಯುವುದಿಲ್ಲ. ಇಳಿಯದ ದಿನವೂ ತೊಳೆಯದೆ ಇದ್ದನಾ? ಹಾಗಾದರೆ ಅಭ್ಯಾಸ ಸರಿಯಾಗಿದೆ.

ಇದರಲ್ಲಿ ಮೈಂಡ್‌ಫುಲ್‌ನೆಸ್ ಯಾವುದು, ಇಆರ್‌ಪಿ ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ. ಎರಡೂ ಸೇರಿದಾಗಲೇ ಕೆಲಸ ಆಗುವುದು. ಇಆರ್‌ಪಿ ಏನು ಮಾಡಬೇಕು ಅಂತ ಹೇಳುತ್ತದೆ. ಅದನ್ನು ಮಾಡುವಾಗ ಮನಸ್ಸನ್ನು ಹೇಗೆ ಇಟ್ಟುಕೊಳ್ಳಬೇಕು ಅನ್ನುವುದು ಮೈಂಡ್‌ಫುಲ್‌ನೆಸ್.

ಕೋವಿ ಇರುವ ಮನೆ

ಇದನ್ನು ಬರೆಯದೆ ಇರಲಾಗುವುದಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕೋವಿ ಇದೆ, ಆಯುಧಗಳ ಹಬ್ಬ ಕೈಲ್‌ಪೊಳ್ದ್‌ಗೆ ಪೂಜೆಗೆ ಇಡುತ್ತಾರೆ. ಒಸಿಡಿ ಇರುವ ಕೆಲವರಿಗೆ ಅದನ್ನು ನೋಡಿದ ಕೂಡಲೇ 'ನಾನು ಮಗುವಿಗೆ ಏನಾದರೂ ಮಾಡಿಬಿಟ್ಟರೆ?' ಅನ್ನುವ ಯೋಚನೆ ಬರುತ್ತದೆ. ಬಂದದ್ದಕ್ಕೇ ಅವರು ಸತ್ತಷ್ಟು ನಾಚಿಕೆಪಡುತ್ತಾರೆ, ಯಾರಿಗೂ ಹೇಳುವುದಿಲ್ಲ. 1978ರಲ್ಲೇ ರಾಚ್‌ಮನ್ ಮತ್ತು ಶ್ರೀಲಂಕಾ ಮೂಲದ ಪದ್ಮಾಲ್ ಡಿ ಸಿಲ್ವ ಅನ್ನುವ ಮನಶ್ಶಾಸ್ತ್ರಜ್ಞರು ತೋರಿಸಿದ್ದಾರೆ: ಕಾಯಿಲೆ ಇಲ್ಲದ ಹೆಚ್ಚಿನ ಜನಕ್ಕೂ ಇಂಥ ಯೋಚನೆಗಳು ಬಂದು ಹೋಗುತ್ತವೆ. ಅವರು ಅದನ್ನು ಬಿಟ್ಟುಬಿಡುತ್ತಾರೆ, ಒಸಿಡಿ ಇರುವವರಿಗೆ ಬಿಡಲಾಗುವುದಿಲ್ಲ. ಆ ಯೋಚನೆ ನಿಮಗೆ ಅಸಹ್ಯ ತರುತ್ತದೆ, ಹೆದರಿಸುತ್ತದೆ ಅಂದರೆ ನೀವು ಕೆಟ್ಟವರಲ್ಲ. ಡಾಕ್ಟರಿಗೆ ಹೇಳಿ, ಅವರಿಗೆ ಇದು ಹೊಸದಲ್ಲ.

ಆದರೆ ಸಾಯಬೇಕು ಅನ್ನಿಸುತ್ತಿದ್ದರೆ ಅದು ಬೇರೆಯೇ ಮಾತು. ಆಗ ಧ್ಯಾನ, ಕೋರ್ಸ್ ಯಾವುದೂ ಅಲ್ಲ, ಅವತ್ತೇ ಡಾಕ್ಟರು. ಕೋವಿ ಮನೆಯಲ್ಲಿರುವುದು ಬೇಡ. ಪೊಲೀಸ್ ಠಾಣೆಯಲ್ಲಿ ಡಿಪಾಸಿಟ್ ಇಡಬಹುದು. ಇದು ಗೀಳಿನ ಭಯವೋ ನಿಜವಾದ ಅಪಾಯವೋ ಅಂತ ಮನೆಯವರೇ ತೀರ್ಮಾನ ಮಾಡುವುದು ಬೇಡ. ಅನುಮಾನ ಇದ್ದರೆ ಕೋವಿ ದೂರವೇ ಇರಲಿ.

ಮನೆಯವರ ಪಾಲು

ಯಾವ ದಾರಿ ಆರಿಸಿದರೂ ಮನೆಯವರು ಗೀಳಿಗೆ ಉತ್ತರ ಕೊಡುತ್ತಿದ್ದರೆ ಅದು ಸಾಗುವುದಿಲ್ಲ. 'ಅಕ್ಕ, ಗೇಟ್ ಹಾಕಿದ್ದೀನಿ ಅಲ್ವಾ?' ಅಂತ ನನ್ನ ತಮ್ಮ ಕೇಳಿದರೆ 'ಹೂಂ, ಹಾಕಿದ್ದೀಯ' ಅನ್ನುವುದು ಪ್ರೀತಿ ಅನ್ನಿಸುತ್ತದೆ. ಐದು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಬೈದರೂ ಪ್ರಯೋಜನವಿಲ್ಲ. ನಮಗೆ ಹೇಳಿಕೊಟ್ಟ ಉತ್ತರ ಇದು: 'ಇದು ಒಸಿಡಿ ಕೇಳ್ತಿರೋ ಪ್ರಶ್ನೆ ಅನ್ನಿಸುತ್ತೆ ಕಣೋ. ನಾನು ಉತ್ತರ ಹೇಳಲ್ಲ. ಬಾ, ಇಲ್ಲೇ ಕೂತ್ಕೊ.' ಇದನ್ನು ಅವನ ಒಪ್ಪಿಗೆ ತೆಗೆದುಕೊಂಡೇ ಶುರು ಮಾಡಬೇಕು. ಇದ್ದಕ್ಕಿದ್ದ ಹಾಗೆ ಉತ್ತರ ನಿಲ್ಲಿಸಿದರೆ ಜಗಳ ಆಗುತ್ತದೆ ಅಷ್ಟೇ.

ಎಲ್ಲಿ, ಯಾವಾಗ

ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ಏರ್ಪಾಡು ಇದೆ. ವಿರಾಜಪೇಟೆ, ಸೋಮವಾರಪೇಟೆ ಕಡೆಯವರು ಫೋನ್ ಮಾಡಿ ದಿನ ಕೇಳಿಕೊಂಡು ಹೋಗಿ. ರೋಗ ಗುರುತಿಸಲು, ಮಾತ್ರೆಗೆ ಇಷ್ಟು ಸಾಕು. ಇಆರ್‌ಪಿಯನ್ನು ವಾರವಾರ ಮಾಡಿಸುವವರು ಹತ್ತಿರದಲ್ಲಿ ಸಿಗದಿದ್ದರೆ, ಮಡಿಕೇರಿಯಿಂದ ಸುಮಾರು 120 ಕಿ.ಮೀ. ದೂರದ ಮೈಸೂರಿಗೆ ಒಂದೆರಡು ಸಲ ಹೋಗಿ ಬಂದು ಉಳಿದದ್ದನ್ನು ವಿಡಿಯೊ ಕರೆಯಲ್ಲಿ ಮಾಡುವುದು ಆಗುವ ಮಾತು. ಮನೆಯ ಬಚ್ಚಲು, ಮನೆಯ ಗೇಟಿನ ಗೀಳಿಗೆ ವಿಡಿಯೊ ಕರೆ ಒಂದು ರೀತಿಯಲ್ಲಿ ಒಳ್ಳೆಯದೇ, ಥೆರಪಿಸ್ಟ್ ಆ ಜಾಗವನ್ನೇ ನೋಡುತ್ತಾರೆ. ಎರಡು ಮೂರು ಬಗೆಯ ಮಾತ್ರೆ ಸರಿಯಾಗಿ ತೆಗೆದುಕೊಂಡರೂ ಕಡಿಮೆಯಾಗದವರಿಗೆ ನಿಮ್ಹಾನ್ಸ್‌ನಲ್ಲಿ ಒಸಿಡಿಗೇ ಪ್ರತ್ಯೇಕ ಕ್ಲಿನಿಕ್ ಇದೆ. ಯಾರ ಹತ್ತಿರ ಹೋಗಬೇಕು ಅಂತಲೇ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಯಾವ ಹೊತ್ತಿಗೂ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ಕಾಫಿ ಕೊಯ್ಲಿನ ನಡುವೆ ಎಂಟು ವಾರದ ಕೋರ್ಸ್ ಶುರು ಮಾಡಬೇಡಿ, ಅರ್ಧಕ್ಕೆ ನಿಲ್ಲುತ್ತದೆ. ಕೊಯ್ಲು ಮುಗಿದ ಮೇಲೆ, ಮಳೆಗೆ ಮುಂಚೆ ಇರುವ ತಿಂಗಳುಗಳು ಅದಕ್ಕೆ ಸರಿ. ಮಾತ್ರೆಗೆ ಮಾತ್ರ ಯಾವ ಕಾಲವನ್ನೂ ಕಾಯಬೇಡಿ.

ಕೌನ್ಸೆಲರ್ ಯಾರಾದರೂ ಸಿಕ್ಕಿದರೆ ಫೋನಿನಲ್ಲೇ ನೇರವಾಗಿ ಕೇಳಿ. ಒಸಿಡಿ ಇರುವವರನ್ನು ಎಷ್ಟು ಜನರನ್ನು ನೋಡಿದ್ದೀರಿ? ಇಆರ್‌ಪಿ ಮಾಡಿಸುತ್ತೀರಾ? ಮೈಂಡ್‌ಫುಲ್‌ನೆಸ್ ಹೇಳಿಕೊಟ್ಟರೆ ಅದನ್ನು ಯೋಚನೆ ಬಂದಾಗ ಹೇಗೆ ಬಳಸಬೇಕು? ಮನೆಯಲ್ಲಿ ಮಾಡಲು ಏನು ಕೊಡುತ್ತೀರಿ? 'ಮನಸ್ಸಿನಿಂದ ಆ ಯೋಚನೆ ತೆಗೆದುಹಾಕಿ, ಪಾಸಿಟಿವ್ ಆಗಿ ಇರಿ' ಅಂತ ಉತ್ತರ ಬಂದರೆ, ಧನ್ಯವಾದ ಹೇಳಿ ಬೇರೆಯವರನ್ನು ಹುಡುಕಿ.